ಕೋಚ್ ಆಸ್ಪತ್ರೆ ಬಿಲ್ಲಿಗೆ ನಾವು ಹಣ ಹೊಂದಿಸಿದ್ದು ಹೀಗೆ

ನಮ್ಮ ಕಬಡ್ಡಿ ಕೋಚ್‌ಗೆ ಬೈಪಾಸ್ ಆಗಬೇಕು ಅಂತ ಗೊತ್ತಾದ ಕೂಡಲೇ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ತನ್ನದೇ ಫೋನ್‌ಪೇ ನಂಬರ್ ಹಾಕಿಬಿಟ್ಟ. ಪಾಪ, ಒಳ್ಳೆಯ ಮನಸ್ಸೇ. ಆದರೂ ಮೊದಲು ಅದನ್ನು ತೆಗೆಸಿದೆ. ಒಬ್ಬರ ಖಾತೆಗೆ ದುಡ್ಡು ಬಂದರೆ ನಾಳೆ ಮಾತು ಬರುತ್ತದೆ, ಅಲ್ವಾ? ಆಸ್ಪತ್ರೆಯಿಂದ ಖರ್ಚಿನ ಅಂದಾಜು ಪತ್ರ ಬರೆಸಿಕೊಂಡೆವು. ಅದರ ಫೋಟೊ ಹಾಕಿ, ಸರ್ ಹೆಸರು, ರೋಗಿ ನಂಬರ್ ಬರೆದು ನೇರ ಆಸ್ಪತ್ರೆ ಖಾತೆಗೇ ಕಟ್ಟಿ ಅಂದೆವು.

ಆಮೇಲೆ ಸರ್ಕಾರದ ದಾರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಸರ್‌ದು ಎಪಿಎಲ್ ಕಾರ್ಡು. ಅದಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ತುರ್ತು ಕೇಸ್ ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದಿಲ್ಲದೆ ಖಾಸಗಿ ಆಸ್ಪತ್ರೆಗೆ ಸೇರಿಸಿಬಿಟ್ಟರೆ ಮತ್ತೆ ಓಡಾಡಬೇಕು. ಕೇಂದ್ರದ ದೀನದಯಾಳ್ ಉಪಾಧ್ಯಾಯ ಕ್ರೀಡಾಪಟುಗಳ ಕಲ್ಯಾಣ ನಿಧಿಗೆ ಕೋಚ್‌ಗಳೂ ಅರ್ಜಿ ಹಾಕಬಹುದು. ಹಾಕಿ, ಆದರೆ ಅದನ್ನೇ ನಂಬಿ ಆಪರೇಷನ್ ದಿನ ಗೊತ್ತು ಮಾಡಬೇಡಿ.

ಸಹಾಯಾರ್ಥ ಪಂದ್ಯಾಟ ಇಡೋಣ ಅಂದವರು ತುಂಬಾ ಜನ. ಮ್ಯಾಟ್ ಬಾಡಿಗೆ, ಲೈಟು, ಊಟ, ಅಂಪೈರ್‌ಗಳ ಸಂಭಾವನೆ ಕಳೆದರೆ ಉಳಿಯುವುದೇನು? ಬದಲಿಗೆ ಆ ಸಲ ಎಲ್ಲಿ ಹೊನಲು ಬೆಳಕಿನ ಪಂದ್ಯಾಟಕ್ಕೆ ಹೋದರೂ ನಗದು ಬಹುಮಾನ ಸರ್‌ಗೆ ಅಂತ ಮಾತಾಯಿತು. ಕೆಲಸ ಇಲ್ಲದ ಹುಡುಗರೂ ತಮ್ಮ ಪಾಲು ಬಿಟ್ಟುಕೊಟ್ಟರು.

ಇನ್ನು ತಂಡದ ಮಾಲೀಕರು. ಹರಾಜಿನಲ್ಲಿ ರೈಡರ್‌ಗೆ ಕೈಬಿಚ್ಚಿ ಕೊಟ್ಟವರು, ಸೀಸನ್ ಮುಗಿದಿದೆ, ಕೋಚ್ ನಮ್ಮ ನೌಕರ ಅಲ್ಲ ಅಂದರು. ಜಗಳ ಆಡಲಿಲ್ಲ, ಅಗ್ರಿಮೆಂಟ್ ಕಾಗದ ಮುಂದಿಟ್ಟೆ. ಅದರಲ್ಲಿ ಸರ್‌ಗೆ ಬರಬೇಕಾದ ಕೊನೇ ಕಂತು ಬಾಕಿ ಇತ್ತು. ನೆರವು ಬೇಡ, ಬಾಕಿ ಕೊಡಿ ಅಂದೆ. ಕೊಟ್ಟರು. ಮರುದಿನ ಅದೇ ದುಡ್ಡಿಗೆ ‘ಉದಾರ ನೆರವು’ ಅಂತ ಶಾಲು ಹೊದಿಸಿದ ಫೋಟೊ ಹಾಕಿಕೊಂಡರು!

ಇದು ನಮ್ಮಂಥ ಸಣ್ಣ ಲೀಗಿನ ಕಥೆ ಮಾತ್ರ ಅಲ್ಲ. 1999ರಲ್ಲಿ ದೆಹಲಿಯ ಕೋಟ್ಲಾ ಕ್ರಿಕೆಟ್ ಮೈದಾನದಲ್ಲಿ ನಮ್ಮ ಕುಂಬ್ಳೆ ಹತ್ತೂ ವಿಕೆಟ್ ತೆಗೆದಾಗ ಭಾರತದ ಕೋಚ್ ಆಗಿದ್ದವರು ಅಂಶುಮಾನ್ ಗಾಯಕ್ವಾಡ್. ಅವರ ಕ್ಯಾನ್ಸರ್ ಚಿಕಿತ್ಸೆಗೂ ಕಪಿಲ್ ದೇವ್ ಮತ್ತು ಜೊತೆಗಾರರೇ ಹಣ ಸೇರಿಸಲು ಇಳಿಯಬೇಕಾಯಿತು. ಬಿಸಿಸಿಐ 1 ಕೋಟಿ ಘೋಷಿಸಿದ್ದು 2024ರ ಜುಲೈಯಲ್ಲಿ, ಅದೇ ತಿಂಗಳ 31ಕ್ಕೆ ಅವರು ತೀರಿಕೊಂಡರು.

ಈಗ ನಾವು ಹೊಸ ಮಾಲೀಕರ ಜೊತೆ ಕೂತರೆ ಕೋಚ್, ಫಿಸಿಯೊ ಇಬ್ಬರಿಗೂ ಗುಂಪು ಆರೋಗ್ಯ ವಿಮೆ ಕೇಳುತ್ತೇವೆ. ಆಟಗಾರರು ಸಹಿ ಹಾಕುವ ಮೊದಲೇ ಕೇಳಬೇಕು, ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ಪಾಲಿಸಿ ಸೀಸನ್ನಿಗಷ್ಟೇ ಸಾಲದು, ಹನ್ನೆರಡು ತಿಂಗಳಿಗೆ ಇರಬೇಕು. ಮೊದಲೇ ಇರುವ ಬಿಪಿ, ಶುಗರ್‌ಗೂ ಅನ್ವಯ ಆಗುತ್ತದಾ ಅಂತ ಓದಿ ನೋಡಿ. ಪಾಲಿಸಿಯ ಪ್ರತಿ ಮ್ಯಾನೇಜರ್ ಕಪಾಟಿನಲ್ಲಿದ್ದರೆ ಸಾಲದು, ಕೋಚ್ ಮನೆಯವರ ಕೈಯಲ್ಲೂ ಒಂದು ಇರಲಿ.