‘ಕೊಳೆರೋಗ’ ಅಂತ ಹುಡುಕುವ ಮುಂಚೆ ಒಂದು ಪ್ರಶ್ನೆ ಕೇಳಿ

ನಾನು ಕೊಪ್ಪ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಈಗ ಅದನ್ನು ಅರಿವು ಕೇಂದ್ರ ಅಂತ ಕರೆಯುತ್ತಾರೆ. ಎರಡು ಕಂಪ್ಯೂಟರ್ ಇವೆ. ಪುಸ್ತಕ ಕೇಳುವವರಷ್ಟೇ ಜನ ‘ಇದೊಂಚೂರು ಹುಡುಕಿ ಕೊಡಿ’ ಅಂತಲೂ ಬರುತ್ತಾರೆ.

ಕಳೆದ ಜುಲೈಯಲ್ಲಿ, ಮಳೆ ಬಿಡದೆ ಹೊಯ್ಯುತ್ತಿದ್ದ ವಾರ, ಅಡಿಕೆ ತೋಟದ ಹಿರಿಯರೊಬ್ಬರು ಬಂದರು. ‘ಕೊಳೆರೋಗದ ಬಗ್ಗೆ ಏನಿದೆ ನೋಡಮ್ಮ’ ಅಂದರು. ನಾನು ಆ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ, ಮೊದಲು ಬಂದದ್ದನ್ನು ಪ್ರಿಂಟ್ ತೆಗೆದು ಕೊಟ್ಟೆ. ಮನೆಗೆ ಹೋಗಿ ಮಗನ ಹತ್ತಿರ ಓದಿಸಿದರೆ ಅದರಲ್ಲಿದ್ದದ್ದು ಕಾಫಿಯ ಕೊಳೆರೋಗ. ಮರುದಿನ ಅದೇ ಮಳೆಯಲ್ಲಿ ವಾಪಸ್ ನಡೆದು ಬಂದರು. ಬೈಯಲಿಲ್ಲ. ‘ಇದು ನಮ್ಮದಲ್ಲ ಕಣಮ್ಮ’ ಅಂದರು, ಅಷ್ಟೆ. ಆ ಎರಡು ದಿನದಲ್ಲಿ ಅವರ ತೋಟದಲ್ಲಿ ಇನ್ನೆಷ್ಟು ಕಾಯಿ ಉದುರಿತೋ. ಮಳೆ ಹೊಳವಾದ ದಿನವೇ ಔಷಧಿ ಹೊಡೆಯಬೇಕು, ಆ ದಿನವೇ ಮರ ಹತ್ತಿ ಹೊಡೆಯುವ ಕೊನೆಗಾರನೂ ಸಿಗಬೇಕು. ಹಾಗಿರುವಾಗ ಎರಡು ದಿನ ಕಳೆಯುವುದು ಸಣ್ಣ ಮಾತಲ್ಲ. ಅಂದಿನಿಂದ ನಾನು ಹುಡುಕುವ ರೀತಿಯನ್ನೇ ಬದಲಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಅಡಿಕೆಯವರಿಗೆ ಕಾಫಿ ಪುಟ ಯಾಕೆ ಬಂತು ಅಂತ ಹೇಳಬೇಕು. ಕಾಫಿ ಗಿಡದ ಈ ಕಾಯಿಲೆಯ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಅಂತಲೇ ಹೆಸರಿಟ್ಟರು. ನಮ್ಮ ತೋಟದ ಮಾತು ಹಾಗೆ ವಿಜ್ಞಾನದ ಪುಸ್ತಕ ಸೇರಿತು. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕಾಫಿಯ ಪುಟಗಳೂ ಸಾಲಾಗಿ ಬರುತ್ತವೆ. ಅಡಿಕೆಯ ಕೊಳೆರೋಗ ತರುವುದು ಬೇರೆಯೇ ಜೀವಿ, ಅದರ ಹೆಸರು ಫೈಟೊಫ್ತೊರಾ. ಅಡಿಕೆಯಲ್ಲಿ ಎಳೆ ಹಸಿರು ಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದಂಥ ಕಲೆ ಬಿದ್ದು, ಕಾಯಿ ಉದುರಿ, ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ಕಾಫಿಯಲ್ಲಿ ಎಲೆ ಕಪ್ಪಾಗಿ ಕೊಳೆತು, ಶಿಲೀಂಧ್ರದ ಸಣ್ಣ ಎಳೆಯ ಆಸರೆಯಲ್ಲಿ ರೆಂಬೆಗೆ ಜೋತು ಬೀಳುತ್ತದೆ. ಇದರ ಮೇಲೆ ಶುಂಠಿಗೆ ಗೆಡ್ಡೆ ಕೊಳೆ ಇದೆ, ಅಡಿಕೆಗೇ ಸುಳಿ ಕೊಳೆ ಬೇರೆ ಇದೆ. ನಮ್ಮೂರಲ್ಲಿ ಒಂದೇ ಮನೆಯವರು ಇವೆಲ್ಲವನ್ನೂ ಬೆಳೆಯುತ್ತಾರೆ, ಎಲ್ಲಕ್ಕೂ ‘ಕೊಳೆ’ ಅಂತಲೇ ಹೇಳುತ್ತಾರೆ. ಎದುರಿಗೆ ನಿಂತು ಮಾತಾಡುವಾಗ ಅದು ಸಾಕಾಗುತ್ತದೆ, ಯಾವ ತೋಟದಿಂದ ಬಂದರು ಅಂತ ನಮಗೆ ಗೊತ್ತಿರುತ್ತದೆ ಅಲ್ವಾ? ಕಂಪ್ಯೂಟರಿಗೆ ತೋಟ ಕಾಣುವುದಿಲ್ಲ.

ಅದೇ ವಾರ ಇನ್ನಿಬ್ಬರು ಇದೇ ಪದ ಹಿಡಿದು ಬಂದರು. ಒಬ್ಬರಿಗೆ ನಿಜವಾಗಿಯೂ ಕಾಫಿಯದೇ ಬೇಕಿತ್ತು. ಇನ್ನೊಬ್ಬಳು ಕಾಲೇಜು ಹುಡುಗಿ. ಅವಳಿಗೆ ಬೇಕಾದದ್ದು ಔಷಧಿಯಲ್ಲ, ಇತಿಹಾಸ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕ, ಕೆನಡಾದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅಡಿಕೆ ಕೊಳೆರೋಗದ ಬಗ್ಗೆ ಬರೆದದ್ದು ಅವಳ ಪ್ರಾಜೆಕ್ಟಿಗೆ ಬೇಕಿತ್ತು.

ಹಾಗಾಗಿ ಮೊದಲ ಕೆಲಸ: ಕೀಬೋರ್ಡ್ ಮುಟ್ಟಬೇಡಿ. ‘ಇದು ಸಿಕ್ಕಿದ ಮೇಲೆ ಏನು ಮಾಡಬೇಕು ಅಂತಿದ್ದೀರಿ?’ ಅಂತ ಕೇಳಿ. ಯಾವ ಬೆಳೆ, ಯಾವ ಊರು ಅಂತ ಕೇಳುವುದಕ್ಕಿಂತಲೂ ಈ ಒಂದು ಪ್ರಶ್ನೆ ಜಾಸ್ತಿ ಕೆಲಸ ಮಾಡುತ್ತದೆ. ‘ನಾಳೆ ಮಳೆ ಬಿಟ್ಟರೆ ಗೊನೆಗೆ ಹೊಡೆಯಬೇಕು’ ಅಂದರೆ ಬೆಳೆಯೂ ಗೊತ್ತಾಯಿತು, ಅವಸರವೂ ಗೊತ್ತಾಯಿತು. ನಿಮಗಾಗಿಯೇ ಹುಡುಕುವಾಗಲೂ ಇದನ್ನು ನಿಮ್ಮನ್ನೇ ಕೇಳಿಕೊಳ್ಳಿ.

ಉತ್ತರದಲ್ಲಿ ಬಂದ ಪದಗಳನ್ನೇ ಸೇರಿಸಿ. ‘ಕೊಳೆರೋಗ’ ಅಂತ ಬಿಡುವ ಬದಲು ‘ಅಡಿಕೆ ಕೊಳೆರೋಗ ಬೋರ್ಡೋ ದ್ರಾವಣ ತಯಾರಿ’ ಅಂತ ಬರೆದರೆ, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಶೇಕಡಾ 1ರ ಲೆಕ್ಕ ನೇರವಾಗಿ ಸಿಗುತ್ತದೆ. ಮಳೆಗಾಲ ಶುರುವಾಗುವ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು ಅನ್ನುವುದೂ ಅಲ್ಲೇ ಇರುತ್ತದೆ. ಕಾಫಿ ಪುಟಗಳು ಅಡ್ಡ ಬಂದರೆ ಕೊನೆಗೆ ಒಂದು ಅಡ್ಡಗೆರೆ ಹಾಕಿ, ಜಾಗ ಬಿಡದೆ ಕಾಫಿ ಅಂತ ಬರೆಯಿರಿ: ‘ಕೊಳೆರೋಗ -ಕಾಫಿ’. ಆ ಪದವಿರುವ ಪುಟಗಳನ್ನು ಗೂಗಲ್ ಬಿಟ್ಟುಬಿಡುತ್ತದೆ. ಒಂದು ಎಚ್ಚರ: ಅಡಿಕೆ, ಕಾಫಿ ಎರಡನ್ನೂ ಹೇಳುವ ಒಳ್ಳೆಯ ಪುಟವೂ ಇದರಲ್ಲಿ ಹೋಗಿಬಿಡುತ್ತದೆ.

ಕಾಯಿಲೆಯ ಹೆಸರು ಖಾತ್ರಿ ಇಲ್ಲದಿದ್ದರೆ ಹೆಸರನ್ನೇ ಬರೆಯಬೇಡಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಮ್ಮ ಕಡೆ ‘ಅಡಿಕೆ ಎಲೆ ಹಳದಿ’ ಅಂತ ಹುಡುಕಿಸುವವರು ತುಂಬಾ ಜನ. ಅದು ಹಳದಿ ಎಲೆ ರೋಗ ಇರಬಹುದು. ಅದು ಬರುವುದು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮ ಜೀವಿಯಿಂದ, ಹೊಡೆದು ವಾಸಿ ಮಾಡುವ ಔಷಧಿ ಇಲ್ಲ. ಎಲೆಚುಕ್ಕಿ ರೋಗ ಇರಬಹುದು, ಅದು ಶಿಲೀಂಧ್ರದ್ದು. ಬಸಿಗಾಲುವೆ ಕಟ್ಟಿಕೊಂಡು ಬುಡದಲ್ಲಿ ನೀರು ನಿಂತಿರಬಹುದು. ಹೆಸರು ತಪ್ಪಿದರೆ ಔಷಧಿಗೆ ಕೊಟ್ಟ ದುಡ್ಡೂ ಹೋಯಿತು, ವರ್ಷವೂ ಹೋಯಿತು. ಅದಕ್ಕೇ ಕಣ್ಣಿಗೆ ಕಂಡದ್ದನ್ನು ಬರೆಯಿರಿ: ಚುಕ್ಕಿ ಇದೆಯೇ, ಗರಿಯ ತುದಿಯಿಂದ ಹಳದಿಯಾಗುತ್ತಿದೆಯೇ, ಯಾವ ತಿಂಗಳು ಶುರುವಾಯಿತು. ಆಮೇಲೆ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಆ ಗರಿಯನ್ನೇ ಕೊಂಡುಹೋಗಿ ತೋರಿಸಿ. ಕಾಫಿಯದಾದರೆ ನಮಗೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಹತ್ತಿರವೇ ಇದೆ.

ಇನ್ನು ‘ಅಡಿಕೆ ರೇಟು’. ನಮ್ಮೂರಿಗೆ ಪುತ್ತೂರಿನಿಂದ ಬಂದ ಸೊಸೆಯೊಬ್ಬಳಿದ್ದಾಳೆ. ಅವಳ ಅಪ್ಪನೂ ಮಾವನೂ ಫೋನಿನಲ್ಲಿ ರೇಟು ಮಾತಾಡಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲವಂತೆ. ಪುತ್ತೂರು, ಮಂಗಳೂರಿನ ಕಡೆ ರೇಟು ಅಂದರೆ ಹಣ್ಣಡಿಕೆ ಒಣಗಿಸಿ ಸುಲಿದ ಚಾಲಿ, ಲೆಕ್ಕ ಕಿಲೋಗೆ. ಶಿವಮೊಗ್ಗ, ತೀರ್ಥಹಳ್ಳಿ ಕಡೆ ಬೇಯಿಸಿದ ಕೆಂಪಡಿಕೆ, ಅದರಲ್ಲಿ ಬಗೆಗಳು: ಸರಕು, ಬೆಟ್ಟೆ, ರಾಶಿ, ಗೊರಬಲು. ಲೆಕ್ಕ ಕ್ವಿಂಟಲಿಗೆ. ಫೋನು ನೀವಿರುವ ಜಾಗ ನೋಡಿ ಒಂದನ್ನು ಊಹಿಸುತ್ತದೆ, ಊಹೆ ತಪ್ಪಲೂಬಹುದು. ಅದಕ್ಕೇ ‘ರಾಶಿ ಅಡಿಕೆ ಶಿವಮೊಗ್ಗ’ ಅಂತ ಬಗೆ, ಮಾರುಕಟ್ಟೆ ಎರಡನ್ನೂ ಬರೆಯಿರಿ. ಪುಟದ ಮೇಲಿನ ದಿನಾಂಕ ನೋಡಿ, ಹಳೆಯ ರೇಟು ಎಷ್ಟೋ ಸಲ ಮೇಲೆ ಬಂದು ಕೂತಿರುತ್ತದೆ. ಮತ್ತೆ, ರೇಟು ಕೇಳುವವರಲ್ಲಿ ತುಂಬಾ ಜನರ ಮನಸ್ಸಿನಲ್ಲಿರುವುದು ‘ಈಗ ಮಾರಲೋ, ಇಟ್ಟುಕೊಳ್ಳಲೋ’ ಅನ್ನುವ ಪ್ರಶ್ನೆ. ಅವರಿಗೆ ಇವತ್ತಿನ ಒಂದು ಸಂಖ್ಯೆ ಸಾಲದು. ಮಾರುಕಟ್ಟೆ ದರ ಕೊಡುವ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಹಿಂದಿನ ತಿಂಗಳುಗಳ ದರ ತೆಗೆದು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ತೀರ್ಮಾನ ಅವರದ್ದು.

‘ಪಹಣಿ’ಯದು ಸುಲಭ. 2002ರಲ್ಲಿ ಆಂಡ್ರೇ ಬ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿ ಹುಡುಕಾಟಗಳನ್ನು ಮೂರಾಗಿ ವಿಂಗಡಿಸಿದರು: ಒಂದು ಜಾಲತಾಣಕ್ಕೆ ಹೋಗಬೇಕು, ಏನಾದರೂ ತಿಳಿಯಬೇಕು, ಏನಾದರೂ ಕೆಲಸ ಆಗಬೇಕು. ಪಹಣಿ ಅಂತ ಬರುವವರಲ್ಲಿ ಮೂರೂ ಬಗೆಯವರಿದ್ದಾರೆ. ಸರ್ಕಾರದ ಜಮೀನು ದಾಖಲೆಯ ‘ಭೂಮಿ’ ಜಾಲತಾಣ ತೆರೆದುಕೊಟ್ಟರೆ ಸಾಕು ಅನ್ನುವವರು, ಹನ್ನೊಂದನೇ ಕಾಲಂ ಅಂದರೆ ಏನು ಅನ್ನುವವರು, ಬ್ಯಾಂಕಿಗೆ ಕೊಡಲು ಪ್ರತಿ ಬೇಕು ಅನ್ನುವವರು. ಏನು ಮಾಡಬೇಕು ಅಂತ ಕೇಳಿದರೆ ಯಾರು ಯಾವ ಬಗೆ ಅಂತ ತಕ್ಷಣ ಗೊತ್ತಾಗುತ್ತದೆ.

ಹತ್ತು ಜನ ಬಳಸುವ ಕಂಪ್ಯೂಟರಾದರೆ ಇನ್ನೊಂದು ವಿಷಯ. ಹಿಂದಿನವರು ಹುಡುಕಿದ್ದರ ನೆರಳು ನಿಮ್ಮ ಹುಡುಕಾಟದ ಮೇಲೂ ಬೀಳಬಹುದು. ಹುಡುಕಿದ್ದನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳದ ಇನ್‌ಕಾಗ್ನಿಟೊ ಕಿಟಕಿ ತೆರೆದು ಹುಡುಕಿ, ಮುಗಿದ ಮೇಲೆ ಮುಚ್ಚಿ. ಕಾಯಿಲೆ, ಸಾಲ, ಜಮೀನು ಅಂತ ಜನ ನಂಬಿ ಹೇಳಿದ್ದು ಮುಂದಿನವರ ಕಣ್ಣಿಗೆ ಬೀಳಬಾರದು.

ಪ್ರಿಂಟ್ ಒತ್ತುವ ಮುಂಚೆ ಈಗ ನಾನು ಮೊದಲ ಎರಡು ಸಾಲನ್ನು ಜೋರಾಗಿ ಓದುತ್ತೇನೆ. ‘ಇದೇನಾ ನಿಮ್ಮದು?’ ಅಂತ ಕೇಳುತ್ತೇನೆ. ಎಲೆ ಅನ್ನುವ ಕಡೆ ‘ಅಲ್ಲಲ್ಲ, ಕಾಯಿ’ ಅಂದರೆ ಮತ್ತೆ ಹುಡುಕುತ್ತೇನೆ. ಕಂಪ್ಯೂಟರ್ ಪಕ್ಕ ಒಂದು ನೋಟ್‌ಬುಕ್ ಇದೆ. ಎಡಗಡೆ ಅವರು ಹೇಳಿದ ಪದ, ಬಲಗಡೆ ಸರಿಯಾದದ್ದು ಸಿಕ್ಕ ಪದ. ಬಂದವರ ಹೆಸರು ಬರೆಯುವುದಿಲ್ಲ. ಮೊದಲ ಪುಟದ ಮೊದಲ ಸಾಲಿನಲ್ಲಿ ಎಡಗಡೆ ‘ಕೊಳೆರೋಗ’ ಅಂತಿದೆ. ಬಲಗಡೆ ಇಲ್ಲಿಯವರೆಗೆ ಐದು ಸಾಲು ತುಂಬಿವೆ, ಕೆಳಗೆ ಇನ್ನೂ ಜಾಗ ಬಿಟ್ಟಿದ್ದೇನೆ.