ಬಾಡಿಗೆ ನೆರವಿಗೆ ಕತ್ತರಿ: ಬಾಡಿಗೆದಾರರು ಒಟ್ಟಾಗಿ ಹೋರಾಡುವುದು ಹೇಗೆ?

ಕಡಿಮೆ ಆದಾಯದವರಿಗೆ ಬಾಡಿಗೆ ಕಟ್ಟಲು ಸರ್ಕಾರ ಕೊಡುವ ನೆರವಿನ ಕಡಿತದ ಸುದ್ದಿ ಮನೆಮನೆಗೂ ಬೇರೆ ಬೇರೆ ಪತ್ರವಾಗಿ ಬರುವುದರಿಂದ, ಪ್ರತಿಯೊಬ್ಬರೂ ಅದನ್ನು ತಮ್ಮೊಬ್ಬರ ಕಷ್ಟವೆಂದೇ ತಿಳಿದು ಸುಮ್ಮನಾಗುತ್ತಾರೆ. ಆ ಪತ್ರಗಳನ್ನೆಲ್ಲ ಒಂದೆಡೆ ಸೇರಿಸುವುದೇ ಹೋರಾಟದ ಅರ್ಧ ಕೆಲಸ. ಬ್ರಿಟನ್ನಿನ ಬಾಡಿಗೆದಾರರ ಅನುಭವದಿಂದ ಉಳಿದ ಕೆಲಸವನ್ನೂ ಕಲಿಯಬಹುದು.

ಮೊದಲು ಪತ್ರದ ದಿನಾಂಕವನ್ನು ನೋಡಬೇಕು. ಬ್ರಿಟನ್ನಿನಲ್ಲಿ ಕಡಿತದ ತೀರ್ಮಾನದ ಮರುಪರಿಶೀಲನೆ ಕೋರಲು ಸಾಮಾನ್ಯವಾಗಿ ಒಂದು ತಿಂಗಳ ಗಡುವಿರುತ್ತದೆ. ಸಭೆ, ಮೆರವಣಿಗೆಗಳ ಓಡಾಟದಲ್ಲಿ ಗಡುವು ಮೀರಿದರೆ ನಷ್ಟ ಆ ಕುಟುಂಬದ್ದೇ ಆದ್ದರಿಂದ, ಪ್ರತಿ ಮನೆಯ ಅರ್ಜಿಯನ್ನು ಮೊದಲು ಸಲ್ಲಿಸಿ, ಸ್ವೀಕೃತಿ ಪಡೆದು, ಆಮೇಲೆ ಬೀದಿಗಿಳಿಯುವುದು ಲೇಸು. ಬಾಡಿಗೆ ಕಟ್ಟುವುದನ್ನು ಮಾತ್ರ ನಿಲ್ಲಿಸಬಾರದು. ಬಾಕಿ ಬೆಳೆದಷ್ಟೂ ಮನೆ ಖಾಲಿ ಮಾಡಿಸುವವರ ಕೈ ಬಲವಾಗುತ್ತದೆ.

ಎರಡನೆಯದು ಲೆಕ್ಕ. 2013ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮದಂತೆ, ಸಾಮಾಜಿಕ ವಸತಿಯಲ್ಲಿದ್ದ (ಸ್ಥಳೀಯ ಸಂಸ್ಥೆ ಅಥವಾ ವಸತಿ ಸಂಘಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಲ್ಲಿದ್ದ) ದುಡಿಯುವ ವಯಸ್ಸಿನವರ ಮನೆಯಲ್ಲಿ ಒಂದು ಮಲಗುವ ಕೋಣೆ ಹೆಚ್ಚುವರಿ ಎನಿಸಿದರೆ ನೆರವಿಗೆ ಅರ್ಹವಾದ ಬಾಡಿಗೆಯಲ್ಲಿ ಶೇ 14ರಷ್ಟನ್ನು, ಎರಡು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ 25ರಷ್ಟನ್ನು ಕಡಿತಗೊಳಿಸಲಾಯಿತು. ವಾರದ ಬಾಡಿಗೆ 100 ಪೌಂಡ್ ಆಗಿದ್ದರೆ ಒಂದು ಕೋಣೆಗಾಗಿ ವರ್ಷಕ್ಕೆ 728 ಪೌಂಡ್ ಕೈಬಿಟ್ಟಂತೆ. ಈ ಅಂಕಿಯ ಪಕ್ಕದಲ್ಲೇ ಕೋಣೆಯ ಬಳಕೆಯನ್ನೂ ಬರೆಯಬೇಕು: ಅಲ್ಲಿ ಉಸಿರಾಟದ ಯಂತ್ರವಿದೆಯೇ, ರಾತ್ರಿ ಆರೈಕೆಗೆ ಬರುವವರು ಮಲಗುತ್ತಾರೆಯೇ? ನನ್ನ ದೃಷ್ಟಿಯಲ್ಲಿ ಇಡೀ ಹೋರಾಟದಲ್ಲಿ ಇದಕ್ಕಿಂತ ಬೆಲೆಬಾಳುವ ದಾಖಲೆಯಿಲ್ಲ. ಅಂಗವೈಕಲ್ಯದಿಂದಾಗಿ ಸಂಗಾತಿಯೊಂದಿಗೆ ಒಂದೇ ಕೋಣೆಯಲ್ಲಿ ಮಲಗಲಾಗದವರ ಮತ್ತು ರಾತ್ರಿಯ ಆರೈಕೆ ಬೇಕಾದ ಮಗುವಿದ್ದ ಕುಟುಂಬದ ಪರವಾಗಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2016ರ ನವೆಂಬರ್‌ನಲ್ಲಿ ತೀರ್ಪು ನೀಡಿದ್ದು ಇಂಥ ವಿವರಗಳ ಆಧಾರದ ಮೇಲೆಯೇ. ಮರುವರ್ಷ ನಿಯಮವೂ ತಿದ್ದುಪಡಿಯಾಯಿತು.

ಖಾಸಗಿ ಮನೆಗಳಲ್ಲಿರುವವರು ತಮ್ಮ ಪ್ರದೇಶದಲ್ಲಿ ಬಾಡಿಗೆಗಿರುವ ಮನೆಗಳ ದರವನ್ನು ನೆರವಿನ ಮಿತಿಯೊಂದಿಗೆ ಹೋಲಿಸಿ ಪಟ್ಟಿ ಮಾಡಬೇಕು. ಮೊದಲು ಸ್ಥಳೀಯ ಬಾಡಿಗೆಗಳ ನಡುಮಟ್ಟದಲ್ಲಿದ್ದ ಈ ಮಿತಿಯನ್ನು 2011ರಿಂದ ನೂರರಲ್ಲಿ ಅಗ್ಗದ 30 ಮನೆಗಳ ಮಟ್ಟಕ್ಕೆ ಇಳಿಸಲಾಯಿತು.

ಮುಂದಿನದು, ಯಾರನ್ನು ಏನು ಕೇಳಬೇಕೆಂಬುದು. ನಿಯಮ ರೂಪಿಸಿದ್ದು ಕೇಂದ್ರ ಸರ್ಕಾರವಾದ್ದರಿಂದ ಅದನ್ನು ರದ್ದುಪಡಿಸುವ ಬೇಡಿಕೆಯನ್ನು ಸಂಸತ್ ಸದಸ್ಯರ ಮುಂದಿಡಬೇಕು. ಸ್ಥಳೀಯ ಸಂಸ್ಥೆಯನ್ನು ಅದರ ಕೈಯಲ್ಲಿರುವುದನ್ನೇ ಕೇಳಬೇಕು: ಕಷ್ಟದಲ್ಲಿರುವವರಿಗೆ ತನ್ನ ವಿವೇಚನೆಯಂತೆ ಕೊಡಬಹುದಾದ ನಿಧಿಯಿಂದ ಬಾಡಿಗೆಯ ಕೊರತೆ ತುಂಬುವುದು, ಕಡಿತದಿಂದಾದ ಬಾಕಿಗಾಗಿ ಯಾರನ್ನೂ ಒಕ್ಕಲೆಬ್ಬಿಸದಿರುವುದು. ಸ್ಕಾಟ್ಲೆಂಡ್ ಸರ್ಕಾರ 2014ರಿಂದ ಇಂಥ ನಿಧಿಗೆ ಹೆಚ್ಚುವರಿ ಹಣ ಒದಗಿಸಿ ಕೋಣೆಯ ಕಡಿತದ ಹೊರೆಯನ್ನು ತಾನೇ ಹೊತ್ತುಕೊಂಡಿತು. ಕಾನೂನು ಬದಲಾಗುವವರೆಗೆ ಕಾಯಲಾಗದ ಕುಟುಂಬಗಳಿಗೆ ಈ ಬೇಡಿಕೆಯೇ ಆಸರೆ.

ಬೇಡಿಕೆ ಈಡೇರಿದ ದಿನ ಮನೆಮನೆಯ ಪಟ್ಟಿಯನ್ನು ಮತ್ತೆ ತೆರೆದು, ಅರ್ಜಿ ಹಾಕದೆ ಉಳಿದವರಿಂದ ಕೂಡಲೇ ಅರ್ಜಿ ಹಾಕಿಸಬೇಕು.