ಓಡದ ಕಲ್ಲಿಗೆ ಯಾವ ಕ್ಯಾಮೆರಾ?

ಕ್ಯಾಮೆರಾ ಕೊಳ್ಳುವ ಯೋಚನೆ ಬಂದವರು ಫೋನ್ ಮಾಡಿ, "ಮಾಸ್ತರೇ, ಯಾವುದು ಒಳ್ಳೆಯದು?" ಎಂದು ಕೇಳುತ್ತಾರೆ. "ಏನನ್ನು ತೆಗೆಯುತ್ತೀರಿ?" ಎಂದು ತಿರುಗಿ ಕೇಳಿದರೆ ಹೆಚ್ಚಿನವರ ಉತ್ತರ, "ಎಲ್ಲವನ್ನೂ." ಎಲ್ಲವನ್ನೂ ತೆಗೆಯುವ ಕ್ಯಾಮೆರಾ ಅಂಗಡಿಯವರ ಬಾಯಲ್ಲಿ ಮಾತ್ರ ಇರುತ್ತದೆ. ನಾನು ತೆಗೆಯುವುದು ಕಲ್ಲುಗಳನ್ನು. ಕೊಪ್ಪಳ ಜಿಲ್ಲೆಯಲ್ಲಿ ಅವಕ್ಕೆ ಬರವಿಲ್ಲ. ಊರ ಅಗಸಿಯ ಪಕ್ಕ, ಹನುಮಪ್ಪನ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ ಕಾದಿ ಮಡಿದವರ ವೀರಗಲ್ಲುಗಳು, ಸತಿ ಹೋದವರ ಮಾಸ್ತಿಗಲ್ಲುಗಳು, ಅರ್ಧ ಹೂತ ಶಾಸನಗಳು ನಿಂತಿವೆ. ಶಾಲೆಗೆ ರಜೆ ಸಿಕ್ಕಾಗಲೆಲ್ಲ ನಾನು ಬೈಕ್ ಹತ್ತುವುದು ಅವುಗಳಿಗಾಗಿ.

ಕಲ್ಲು ಓಡುವುದಿಲ್ಲ. ಕ್ಯಾಮೆರಾ ಆಯ್ಕೆಯಲ್ಲಿ ನನ್ನ ಲೆಕ್ಕಾಚಾರವೆಲ್ಲ ಇದರ ಮೇಲೆಯೇ ನಿಂತಿತ್ತು. ಸೆಕೆಂಡಿಗೆ ಎಷ್ಟು ಚಿತ್ರ, ಫೋಕಸ್ ಎಷ್ಟು ಚುರುಕು, ವಿಡಿಯೊ ಎಷ್ಟು ಚೆನ್ನ ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಹೊಡೆದುಹಾಕಿದೆ. ಕ್ಯಾಮೆರಾದ ಬೆಲೆ ಏರುವುದು ಬಹುಮಟ್ಟಿಗೆ ಈ ಮೂರರಿಂದಲೇ. ತುಂಗಭದ್ರೆಯ ನೀರುನಾಯಿಗಳನ್ನೋ ಶಾಲೆಯ ಕಬಡ್ಡಿಯನ್ನೋ ತೆಗೆಯುವವರು ನನ್ನ ದಾರಿ ಹಿಡಿಯಬಾರದು. ಅವರಿಗೆ ವೇಗವೂ ಬೇಕು, ಕನಿಷ್ಠ 250 ಮಿ.ಮೀ. ಲೆನ್ಸ್ ಕೂಡ ಬೇಕು.

ಮೊಬೈಲ್ ಸಾಲದೇ ಎಂದು ಮನೆಯಲ್ಲಿಯೂ ಕೇಳಿದರು. ನಮ್ಮ ಕಡೆಯ ಬಿಸಿಲಿನಲ್ಲಿ ಮೊಬೈಲ್ ಪರದೆಯಲ್ಲಿ ಕಾಣುವುದು ನಮ್ಮ ಮುಖವೇ. ಲೆನ್ಸ್ ಕಂಡದ್ದನ್ನು ಒಳಗಿನ ಕನ್ನಡಿಯಿಂದ ತೋರಿಸುವ ಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರ್‌ಗೆ ಕಣ್ಣು ಒತ್ತಿದರೆ ಯಾವ ಬಿಸಿಲೂ ಅಡ್ಡ ಬರುವುದಿಲ್ಲ. ಇದಕ್ಕಿಂತ ದೊಡ್ಡ ತಕರಾರು ಬೇರೆಯೇ ಇದೆ. ಮೊಬೈಲ್ ತಾನು ಕಂಡದ್ದನ್ನು ತಿದ್ದಿ ತೀಡಿ ಕೊಡುತ್ತದೆ. ಸವೆದ ಅಕ್ಷರದ ಅಂಚನ್ನು ಕಲ್ಲಿನ ಒರಟುತನದೊಂದಿಗೆ ಸೇರಿಸಿ ನುಣುಪು ಮಾಡಿಬಿಡುತ್ತದೆ. ಅಲ್ಲಿರುವುದು 'ಪ'ವೋ 'ಷ'ವೋ ಎಂದು ಕೂದಲು ಸೀಳುವವರಿಗೆ ಈ ಉಪಕಾರ ಬೇಡ. ಕ್ಯಾಮೆರಾದ ರಾ (ತಿದ್ದದ ಮೂಲ) ಕಡತದಲ್ಲಿ ಸೆನ್ಸರ್ ಹಿಡಿದದ್ದು ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ. ನೆರಳನ್ನು ಎಷ್ಟು ಎತ್ತಬೇಕೆಂದು ಮನೆಯಲ್ಲಿ ಕುಳಿತು ನಾವೇ ತೀರ್ಮಾನಿಸಬಹುದು.

ಕೊನೆಗೆ ಮೂರು ಕ್ಯಾಮೆರಾಗಳು ಉಳಿದವು. 2018ರಲ್ಲಿ ಬಂದ ನಿಕಾನ್ ಡಿ3500 ಸೆನ್ಸರ್‌ನ ಗುಣದಲ್ಲಿ ಉಳಿದೆರಡಕ್ಕಿಂತ ಮೇಲು, ಬ್ಯಾಟರಿಯಂತೂ ತೀರುವುದೇ ಇಲ್ಲ. ಆದರೆ ಅದಕ್ಕೆ ತಂತಿಯ ರಿಮೋಟ್ ಸಿಕ್ಕಿಸುವ ಜಾಗವಿಲ್ಲ, ಒಂದೇ ದೃಶ್ಯವನ್ನು ಮೂರು ಬೆಳಕಿನ ಮಟ್ಟದಲ್ಲಿ ತಾನಾಗಿ ತೆಗೆಯುವ ಸೌಲಭ್ಯವೂ ಇಲ್ಲ. ಅದೇ ವರ್ಷದ ಕೆನಾನ್ 1500ಡಿಯಲ್ಲಿ ಇವೆರಡೂ ಇವೆ. ಅದರ ನೆತ್ತಿಯ ಮೇಲಿನ ಫ್ಲ್ಯಾಶ್ ಕೂರಿಸುವ ಜಾಗವನ್ನು ಮಾತ್ರ ನೋಡಬೇಕು. ಅಲ್ಲಿ ನಡುವೆ ಇರಬೇಕಾದ ಲೋಹದ ಬಿಂದುವನ್ನು ತೆಗೆದುಬಿಟ್ಟಿದ್ದಾರೆ. ಆ ಬಿಂದು ಇಲ್ಲದಿದ್ದರೆ ಬೇರೆ ಕಂಪನಿಗಳ ಅಗ್ಗದ ಫ್ಲ್ಯಾಶ್ ಮತ್ತು ಅದನ್ನು ದೂರದಿಂದ ಹೊಡೆಸುವ ಟ್ರಿಗರ್‌ಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಫ್ಲ್ಯಾಶನ್ನು ಕ್ಯಾಮೆರಾದಿಂದ ದೂರ, ಕಲ್ಲಿನ ಪಕ್ಕದಲ್ಲಿಟ್ಟು ಹೊಡೆಯಬೇಕಾದ ನನಗೆ ಅದು ಒಪ್ಪುವ ಮಾತಲ್ಲ. ಹಾಗಾಗಿ ಹಿಂದಿನ ಮಾದರಿಗೇ ಹೋದೆ: 2016ರ ಕೆನಾನ್ 1300ಡಿ. 18 ಮೆಗಾಪಿಕ್ಸೆಲ್, ರಿಮೋಟ್‌ಗೆ ಜಾಗ ಇದೆ, ನಡುವಿನ ಬಿಂದುವೂ ಇದೆ. ಹೊಸಪೇಟೆಯ ಸ್ಟುಡಿಯೊದವರೊಬ್ಬರು ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್ ಕ್ಯಾಮೆರಾ ಕೊಂಡಾಗ ಮಾರಲು ಇಟ್ಟಿದ್ದರು. 18–55 ಲೆನ್ಸ್ ಸೇರಿ 16,000 ರೂಪಾಯಿಗೆ ಬಂತು.

ಹಳೆಯದನ್ನು ಕೊಳ್ಳುವಾಗ ಬಿಳಿ ಗೋಡೆಯ ಒಂದು ಚಿತ್ರ ತೆಗೆಯಿರಿ. ಅಪರ್ಚರ್ (ಲೆನ್ಸ್ ಒಳಗಿನ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಸಣ್ಣದು) ಎಫ್22, ಫೋಕಸ್ ಬೇಕೆಂದೇ ತಪ್ಪಿಸಿ. ಸೆನ್ಸರ್ ಮೇಲಿನ ದೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಲೆನ್ಸ್‌ನ ಹಿಂದಿನಿಂದ ಟಾರ್ಚ್ ಹಾಯಿಸಿದರೆ ಜೇಡರ ಬಲೆಯಂಥ ಬೂಷ್ಟು ಇದೆಯೋ ಇಲ್ಲವೋ ತಿಳಿಯುತ್ತದೆ. ಷಟರ್ ಎಷ್ಟು ಸಲ ಬಿದ್ದಿದೆ ಎಂಬುದು ನಿಕಾನ್‌ನಲ್ಲಾದರೆ ಚಿತ್ರದ ಕಡತದಲ್ಲಿಯೇ ಬರೆದಿರುತ್ತದೆ. ಇಂಥ ಕೆನಾನ್‌ಗಳಲ್ಲಿ ಬರೆದಿರುವುದಿಲ್ಲ, ಕಂಪ್ಯೂಟರ್‌ಗೆ ಜೋಡಿಸಿ ತಂತ್ರಾಂಶದಿಂದ ನೋಡಬೇಕು. ಮಾರುವವರು ಹೇಳುವ ಸಂಖ್ಯೆಯನ್ನು ಕೇಳಿಕೊಳ್ಳಿ, ನಂಬಬೇಡಿ.

ಇನ್ನು ಬೆಳಕು. ನಿಜವಾದ ಕೆಲಸ ಇರುವುದು ಇದರಲ್ಲಿ. ಕ್ಯಾಮೆರಾ ಯಾವುದಾದರೂ ಇಲ್ಲಿ ಅದರ ಪಾತ್ರ ಸಣ್ಣದು. ಅಕ್ಷರ ಎಂದರೆ ಕಲ್ಲಿನಲ್ಲಿ ಒಂದೆರಡು ಮಿಲಿಮೀಟರ್ ಆಳದ ಗೀರು. ಬೆಳಕು ಎದುರಿನಿಂದ ಬಿದ್ದರೆ ಆ ಗೀರಿನಲ್ಲಿ ನೆರಳೇ ಇರುವುದಿಲ್ಲ, ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಕ್ಯಾಮೆರಾದಲ್ಲಿಯೇ ಇರುವ ಪುಟ್ಟ ಫ್ಲ್ಯಾಶ್ ಮಾಡುವುದು ಇದನ್ನೇ, ಅದನ್ನು ತೆರೆಯಲೇಬೇಡಿ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗಬೇಕು. ಆಗ, ಸಂಜೆಯ ಓರೆ ಬಿಸಿಲಿನಲ್ಲಿ ಎರೆಹೊಲದ ಸಾಲುಗಳು ಎದ್ದು ಕಾಣುವಂತೆ, ಅಕ್ಷರಗಳು ಏಳುತ್ತವೆ.

ನಡುಹಗಲಿನಲ್ಲಿ ಚಿತ್ರ ತೆಗೆಯಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಮನುಷ್ಯರ ಮುಖಕ್ಕೆ ಅದು ಸರಿ. ಪೂರ್ವಕ್ಕೆ ಮುಖ ಮಾಡಿ ನಿಂತ ಕಲ್ಲಿಗೆ ಮಾತ್ರ ಸೂರ್ಯ ನೆತ್ತಿಗೇರುವ ತುಸು ಮುಂಚೆಯೇ ಸುಮುಹೂರ್ತ. ಬಿಸಿಲು ಮೇಲಿನಿಂದ ಕಲ್ಲನ್ನು ತಾಗಿಯೂ ತಾಗದಂತೆ ಇಳಿಯುತ್ತದೆ. ಪಶ್ಚಿಮಕ್ಕೆ ಮುಖವಿದ್ದರೆ ನೆತ್ತಿ ದಾಟಿದ ಕೂಡಲೇ ನಿಲ್ಲಬೇಕು. ಕೊಪ್ಪಳದಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ತಿಂಗಳಿಗೆ ತಕ್ಕಂತೆ 12.10ರಿಂದ 12.40ರ ಒಳಗೆ. ದಕ್ಷಿಣಕ್ಕೆ ಮುಖ ಮಾಡಿದ್ದಕ್ಕೆ ಮಾರ್ಚ್–ಏಪ್ರಿಲ್‌ನ ಮಧ್ಯಾಹ್ನ ಹೊಂದುತ್ತದೆ. ತಲೆನೋವು ಇರುವುದು ಉತ್ತರದ ಕಲ್ಲುಗಳದ್ದು. ಯುಗಾದಿ ಕಳೆದ ಮೇಲೆ ಬೆಳಗಿನ ಮೊದಲ ಬಿಸಿಲು ಅವನ್ನು ಪಕ್ಕದಿಂದ ಸವರುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಹತ್ತರ ಆಸುಪಾಸಿನವರೆಗೆ ನಮ್ಮ ಅಕ್ಷಾಂಶದಲ್ಲಿ ಮಧ್ಯಾಹ್ನದ ಸೂರ್ಯನೇ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಮೋಡ ಬಿಟ್ಟುಕೊಟ್ಟರೆ ಅದು ಅವುಗಳ ಕಾಲ. ಈ ಕಾರಣಕ್ಕೆ ನನ್ನ ಡೈರಿಯಲ್ಲಿ ಪ್ರತಿ ಕಲ್ಲಿನ ಮುಂದೆ ಮೊದಲು ಬರೆಯುವುದು ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು.

ಬೇವಿನ ಮರದ ಕೆಳಗೆ ನಿಂತ ಕಲ್ಲುಗಳಿಗೆ ಯಾವ ಕಾಲದಲ್ಲಿಯೂ ಬಿಸಿಲು ಬೀಳುವುದಿಲ್ಲ. ಯಲಬುರ್ಗಾ ಕಡೆಯ ಒಂದು ಊರಿನಲ್ಲಿ ಇಂಥದ್ದೊಂದು ವೀರಗಲ್ಲು ಇದೆ. ಸುಣ್ಣ ಬಳಿದು, ಅದರ ಮೇಲೆ ವರ್ಷಗಳ ಎಣ್ಣೆ ಕುಡಿದು ಕಪ್ಪಾಗಿದೆ. ನಾನು ಟ್ರೈಪಾಡ್ ಕಾಲು ಹರವುತ್ತಿದ್ದಾಗ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿ, "ಕಾಣುತ್ತಿಲ್ಲವೇನಪ್ಪಾ? ತಡಿ, ಇನ್ನಿಷ್ಟು ಎಣ್ಣೆ ಹಾಕುತ್ತೇನೆ, ಹೊಳೆಯುತ್ತದೆ" ಎಂದು ಎದ್ದೇಬಿಟ್ಟರು. "ಬೇಡ ಅಜ್ಜಿ, ಹೊಳೆದರೆ ಚಿತ್ರ ಕೆಡುತ್ತದೆ" ಎಂದು ಕೂರಿಸಿದೆ. (ಅಕ್ಷರ ಕಾಣಲಿ ಎಂದು ಸುಣ್ಣದ ಕಡ್ಡಿ ತಿಕ್ಕುವವರೂ ಇದ್ದಾರೆ. ಅದು ಕಲ್ಲಿಗೆ ಕೇಡು, ಓದಿಗೂ ಕೇಡು: ತಿಕ್ಕಿದವನು ಓದಿದ್ದಷ್ಟೇ ಆಮೇಲೆ ಎಲ್ಲರಿಗೂ ಕಾಣುತ್ತದೆ.) ಫ್ಲ್ಯಾಶನ್ನು ಕಲ್ಲಿನ ಎಡಗಡೆ ಎರಡು ಮಾರು ದೂರದಲ್ಲಿ, ಕಲ್ಲಿನ ಮುಖಕ್ಕಿಂತ ಒಂದು ಗೇಣು ಮುಂದಕ್ಕೆ, ಇಟ್ಟಿಗೆಯ ಮೇಲೆ ಕೂರಿಸಿ ರಿಮೋಟ್ ಒತ್ತಿದೆ. ಪರದೆಯ ಮೇಲೆ ಕೆಳಗಿನ ಹಂತದಲ್ಲಿ ವೀರನ ಬಿಲ್ಲು, ಅವನ ಹಿಂದೆ ಒಂದರ ಮೇಲೊಂದು ಕೊಂಬುಗಳು. ಅಜ್ಜಿ ಪರದೆಯನ್ನು ಕೈಯಿಂದ ಮರೆ ಮಾಡಿಕೊಂಡು ನೋಡಿ, "ಅಯ್ಯ, ಇಲ್ಲಿ ಆಕಳುಗಳಿವೆ" ಎಂದರು. ತುರುಗೋಳಿನಲ್ಲಿ, ಎಂದರೆ ದನಗಳ ಸೂರೆಯ ಕಾಳಗದಲ್ಲಿ, ಮಡಿದವನ ಕಲ್ಲು ಅದು. ನಡುವಿನ ಹಂತದಲ್ಲಿ ಅಪ್ಸರೆಯರು, ಮೇಲೆ ಲಿಂಗಪೂಜೆ. ಪಟ್ಟಿಯ ಮೇಲಿನ ಎರಡು ಸಾಲುಗಳಲ್ಲಿ ಮೊದಲ ಸಾಲಷ್ಟೇ ಓದಲು ಸಿಕ್ಕಿತು.

ಇಟಗಿಯ ಮಹಾದೇವ ದೇವಾಲಯದಲ್ಲಿ ಈ ಆಟ ನಡೆಯುವುದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದ ಗುಡಿ ಅದು. ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್‌ಗೆ ಅನುಮತಿ ಬೇಕು. ಅಲ್ಲಿಗೆ ನಾನು ಒಯ್ಯುವುದು ಆಮೇಲೆ ಕೊಂಡ 50 ಮಿ.ಮೀ. ಎಫ್1.8 ಲೆನ್ಸನ್ನು. ಕೆನಾನ್ ಲೆನ್ಸ್‌ಗಳಲ್ಲಿ ಕಡಿಮೆ ಬೆಲೆಯವುಗಳಲ್ಲಿ ಅದೂ ಒಂದು, ಒಳಗಿನ ಮಬ್ಬಿನಲ್ಲಿ ಕೈಯಲ್ಲಿ ಹಿಡಿದೇ ತೆಗೆಯಲು ಸಾಕು. ಕಂಬಗಳ ಕಪ್ಪು ಕಲ್ಲು ಮಾತ್ರ ಬೆಳಕು ಅಳೆಯುವ ಮೀಟರನ್ನು ಯಾಮಾರಿಸುತ್ತದೆ. ಕ್ಯಾಮೆರಾ ತನ್ನೆದುರು ಇರುವುದೆಲ್ಲ ನಡುಬೂದು ಎಂದು ನಂಬಿರುವ ಪ್ರಾಣಿ. ಕಪ್ಪನ್ನು ಎಳೆದು ಬೂದು ಮಾಡುತ್ತದೆ. ಎಕ್ಸ್‌ಪೋಷರ್ ಗುಂಡಿ ಒತ್ತಿ ಒಂದು ಸ್ಟಾಪಿನ (ಬೆಳಕಿನ ಒಂದು ಮೆಟ್ಟಿಲಿನ) ಮೂರನೇ ಎರಡರಷ್ಟು ಮೈನಸ್‌ಗೆ ಇಳಿಸಿದರೆ ಕಡೆದ ಕಂಬ ತನ್ನ ಬಣ್ಣಕ್ಕೆ ಮರಳುತ್ತದೆ. ಸುಣ್ಣ ಬಳಿದ ಕಲ್ಲಿಗೆ ಇದರ ತಿರುಗುಮುರುಗು, ಪ್ಲಸ್‌ಗೆ ಏರಿಸಬೇಕು.

ಹೊರಗಿನ ಕಲ್ಲುಗಳಿಗೆ ನನ್ನ ಕ್ರಮ ಹೆಚ್ಚು ಬದಲಾಗುವುದಿಲ್ಲ: ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಚುರುಕು) 100, ಎಫ್8, ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನಾವು ಹೇಳಿದಷ್ಟು, ಷಟರ್ ವೇಗ ಕ್ಯಾಮೆರಾ ಆರಿಸಿದಷ್ಟು). ಎಫ್11 ದಾಟಿದರೆ ಇಷ್ಟು ಸಣ್ಣ ಸೆನ್ಸರ್‌ನಲ್ಲಿ ಅಂಚುಗಳು ಮೆತ್ತಗಾಗತೊಡಗುತ್ತವೆ. ಟ್ರೈಪಾಡ್ ಮೇಲೆ ಕೂತಾಗ ಲೆನ್ಸ್‌ನ ಸ್ಥಿರೀಕರಣವನ್ನು ಆರಿಸುತ್ತೇನೆ. ಲೆನ್ಸ್ ಕಾಣುವುದನ್ನು ಹಿಂದಿನ ಪರದೆಯಲ್ಲಿಯೇ ತೋರಿಸುವ ಲೈವ್ ವ್ಯೂನಲ್ಲಿ ಒಂದು ಅಕ್ಷರವನ್ನು ಹತ್ತು ಪಟ್ಟು ಹಿಗ್ಗಿಸಿ, ತಲೆಯ ಮೇಲೆ ಟವೆಲ್ ಹೊದ್ದುಕೊಂಡು ಕೈಯಿಂದಲೇ ಫೋಕಸ್ ಮಾಡುತ್ತೇನೆ. ಲೈವ್ ವ್ಯೂ ಬ್ಯಾಟರಿಯನ್ನು ಬೇಗ ಮುಗಿಸುತ್ತದೆ, ಜೇಬಿನಲ್ಲಿ ಇನ್ನೊಂದು ಇರಬೇಕು. ಲೆನ್ಸ್ ಕಲ್ಲಿನ ಮುಖಕ್ಕೆ ನೇರವಾಗಿರಬೇಕು, ಪಕ್ಕದಲ್ಲಿ ಅಳತೆಪಟ್ಟಿ ಇರಬೇಕು. ಉದ್ದದ ಶಾಸನವಾದರೆ ಮೇಲಿನಿಂದ ಕೆಳಕ್ಕೆ, ಒಂದು ಚಿತ್ರದ ಕೊನೆಯ ಎರಡು ಸಾಲು ಮುಂದಿನದರಲ್ಲಿಯೂ ಬರುವಂತೆ ತೆಗೆಯಬೇಕು. ಎಡದಿಂದ ಬೆಳಕು ಕೊಟ್ಟು ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ. ಒಂದು ದಿಕ್ಕಿನ ಬೆಳಕಿನಲ್ಲಿ ಅಡಗುವ ಗೀರು ಇನ್ನೊಂದರಲ್ಲಿ ಸಿಗುತ್ತದೆ. ಒದ್ದೆ ಕಾಗದ ಬಡಿದು ಮಸಿ ಒತ್ತಿ ತೆಗೆಯುವ ಪಡಿಯಚ್ಚಿಗೆ ಇದು ಬದಲಿಯಲ್ಲ. ಆದರೆ ಪಡಿಯಚ್ಚು ತೆಗೆಯಲು ಅನುಮತಿಯೂ ಕಲಿತ ಕೈಯೂ ಬೇಕು.

ದೂಳಿನ ವಿಷಯ ಹೇಳದಿದ್ದರೆ ನಮ್ಮ ಕಡೆಯವರಿಗೆ ಬರೆದಂತಾಗುವುದಿಲ್ಲ. 1300ಡಿಯಲ್ಲಿ ಸೆನ್ಸರನ್ನು ತಾನೇ ಒದರಿ ಶುಚಿ ಮಾಡಿಕೊಳ್ಳುವ ಏರ್ಪಾಡು ಇಲ್ಲ. ಜೋಳದ ರಾಶಿ ನಡೆಯುವ ಕಾಲದಲ್ಲಿ ಹೊಲದ ಬದುವಿನ ಮೇಲೆ ಲೆನ್ಸ್ ಬದಲಿಸುವುದೆಂದರೆ ಸೆನ್ಸರ್ ಮೇಲೆ ಹೊಟ್ಟು ತೂರಿದಂತೆಯೇ. ನಾನು ಮನೆ ಬಿಡುವಾಗ ಯಾವ ಲೆನ್ಸ್ ಹಾಕಿರುತ್ತೇನೋ ಅದರಲ್ಲಿಯೇ ದಿನ ಮುಗಿಸುತ್ತೇನೆ. ಚೀಲದಲ್ಲಿ ರಬ್ಬರ್ ಬ್ಲೋವರ್ ಇರುತ್ತದೆ, ಬಾಯಿಂದ ಊದುವುದಿಲ್ಲ. ಕ್ಯಾಮೆರಾಗೆ ತಯಾರಕರು ಹೇಳುವ ತಾಪದ ಮಿತಿ 40 ಡಿಗ್ರಿ. ನಮ್ಮ ಮೇ ತಿಂಗಳು ಅದನ್ನು ಲೆಕ್ಕಕ್ಕೆ ಇಡುವುದಿಲ್ಲವಾದ್ದರಿಂದ ಬೈಕಿನ ಡಿಕ್ಕಿಯಲ್ಲಿ ಬಿಡದೆ ಒದ್ದೆ ಟವೆಲ್ ಸುತ್ತಿದ ಚೀಲದಲ್ಲಿ ಬೆನ್ನಿಗೆ ಹಾಕಿಕೊಳ್ಳುತ್ತೇನೆ.

ಕೈಯಲ್ಲಿ ಒಟ್ಟು 30,000 ರೂಪಾಯಿ ಇದ್ದು, ನಿಮ್ಮದೂ ಕಲ್ಲಿನ ಹುಚ್ಚೇ ಆಗಿದ್ದರೆ, ಅರ್ಧವನ್ನು ಹಳೆಯ ಕ್ಯಾಮೆರಾಗೆ ಕೊಡಿ. ಉಳಿದದ್ದರಲ್ಲಿ ಗಾಳಿಗೆ ಅಲುಗದ ಟ್ರೈಪಾಡ್, ಒಂದು ಮ್ಯಾನುಯಲ್ ಫ್ಲ್ಯಾಶ್, ಟ್ರಿಗರ್ ಜೋಡಿ, ತಂತಿಯ ರಿಮೋಟ್ ತೆಗೆದುಕೊಳ್ಳಿ. 50 ಮಿ.ಮೀ. ಲೆನ್ಸ್ ಮುಂದಿನ ಸಂಬಳಕ್ಕೆ ಇರಲಿ.